ಕೆಂಪು ಸಿಗ್ನಲ್‌ನಲ್ಲಿ ಫೋನ್ ನೋಡಬಹುದಾ ಅಂತ ಕೇಳಿದ್ದೆಯಲ್ಲ

ತಂಗಿ, ನಿನ್ನ ಪ್ರಶ್ನೆ ಓದಿದೆ. ನೀನು ಇಂಗ್ಲೆಂಡಿಗೆ ಬಂದು ವರ್ಷ ಆಗುತ್ತಾ ಬಂತು, ಇಲ್ಲಿನ ಡ್ರೈವಿಂಗ್ ಟೆಸ್ಟ್ ಪಾಸಾಗಿದೆ. ಮುಂದಿನ ವಾರದಿಂದ ಕಾರಿನಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ರೋಟಾ (ಯಾವಾಗ ಯಾರ ಮನೆಗೆ ಅನ್ನೋ ಪಟ್ಟಿ), ವಿಳಾಸ ಎಲ್ಲಾ ಫೋನಿನ ಆಪ್‌ನಲ್ಲೇ. ಆಫೀಸಿನವರು ದಾರಿಯಲ್ಲೇ ಫೋನ್ ಮಾಡ್ತಾರಂತೆ. ಸಿಗ್ನಲ್‌ನಲ್ಲಿ ನಿಂತಾಗ ಒಂದು ಸಲ ನೋಡಿದರೆ ತಪ್ಪಾ ಅಂತ ಕೇಳಿದ್ದೀಯ.

ತಪ್ಪೇ. ಗಾಡಿ ನಿಂತಿರಲಿ, ಇಂಜಿನ್ ತಾನಾಗಿಯೇ ಆಫ್ ಆಗಿರಲಿ, ಫೋನ್ ಕೈಯಲ್ಲಿ ಹಿಡಿದು ಬಳಸಿದರೆ 200 ಪೌಂಡ್ ದಂಡ, ಲೈಸೆನ್ಸಿಗೆ 6 ಪಾಯಿಂಟ್, ಅಂದರೆ ತಪ್ಪಿಗೆ ಬೀಳುವ ಕಪ್ಪು ಗುರುತು. ದಂಡ ಹೇಗೋ ಕಟ್ಟಬಹುದು. ನೀನು ಹೆದರಬೇಕಾದ್ದು ಆ 6ಕ್ಕೆ. ಮೊದಲ ಟೆಸ್ಟ್ ಪಾಸಾಗಿ 2 ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸ್ ರದ್ದು. ಮತ್ತೆ ಪ್ರೊವಿಷನಲ್ ಲೈಸೆನ್ಸ್ (ನಮ್ಮ ಎಲ್‌ಎಲ್ ಥರ, ಕಲಿಯುವವರದ್ದು), ಮತ್ತೆ ಥಿಯರಿ, ಮತ್ತೆ ಪ್ರಾಕ್ಟಿಕಲ್. ಊರಲ್ಲಿ ಎಂಟು ವರ್ಷ ಕಾರು ಓಡಿಸಿದ್ದೀನಿ ಅಂತ ಬರೆದಿದ್ದೀಯ. ಇಲ್ಲಿ ಅದು ಲೆಕ್ಕಕ್ಕಿಲ್ಲ, ನೀನು ಹೊಸ ಡ್ರೈವರ್. ಬೇರೆಯವರಿಗೆ ದಂಡ, ಪಾಯಿಂಟ್‌ಗೆ ಮುಗಿಯುವ ಕಡೆ ನಿನಗೆ ಕೆಲಸವೇ ಹೋಗುತ್ತೆ.

ನನ್ನ ಜೊತೆಗಿದ್ದ ಹುಡುಗನೊಬ್ಬನಿಗೆ ಹೀಗೇ ಆಯಿತು. ಹರಟೆಗಲ್ಲ ಪಾಪ, ಮುಂದಿನ ಮನೆಯ ಕೀ ಸೇಫ್ (ಬಾಗಿಲ ಹೊರಗೆ ಬೀಗದ ಕೈ ಇಡುವ ಪೆಟ್ಟಿಗೆ) ನಂಬರ್ ನೋಡೋಕೆ ಸಿಗ್ನಲ್‌ನಲ್ಲಿ ಫೋನ್ ಕೈಗೆ ತಗೊಂಡಿದ್ದ. ಪಕ್ಕದಲ್ಲೇ ಪೊಲೀಸ್ ಬೈಕ್ ನಿಂತಿತ್ತು. ಕೆಲಸದ ವಿಷಯ ಅಂತ ಹೇಳಿದ. ಅವರು ಅದನ್ನೂ ಬರೆದುಕೊಂಡರು, ಅಷ್ಟೇ.

"ನಾನು ಮಾತಾಡ್ತಿರಲಿಲ್ಲ, ಫೋಟೋ ತೆಗೀತಿದ್ದೆ" ಅನ್ನುವ ನೆಪವೂ ಈಗ ನಡೆಯಲ್ಲ. ಕೈಯಲ್ಲಿ ಫೋನ್ ಹಿಡಿಯುವುದನ್ನು ಇಲ್ಲಿ ನಿಷೇಧಿಸಿದ್ದು 2003ರ ಡಿಸೆಂಬರ್‌ನಲ್ಲಿ. ಆ ಕಾನೂನು ಕರೆ, ಮೆಸೇಜುಗಳ ಕಾಲದ್ದು. ಓಡಿಸುತ್ತಲೇ ಅಪಘಾತದ ವಿಡಿಯೋ ಮಾಡಿದವನೊಬ್ಬ 2019ರಲ್ಲಿ ಹೈಕೋರ್ಟ್‌ನಲ್ಲಿ ಪಾರಾಗಿಬಿಟ್ಟ. 2022ರ ಮಾರ್ಚ್ 25ರಿಂದ ಆ ಕಿಂಡಿ ಮುಚ್ಚಿದರು. ಹಾಡು ಬದಲಾಯಿಸಿದರೂ, ಟೈಮ್ ನೋಡೋಕೆ ಸ್ಕ್ರೀನ್ ಬೆಳಗಿಸಿದರೂ, ಫೋನ್ ಕೈಯಲ್ಲಿದ್ದರೆ ಅಪರಾಧ.

ಮ್ಯಾಪ್ ಬೇಕೇ ಬೇಕಲ್ಲ. ಹೋಲ್ಡರ್‌ನಲ್ಲಿ ಕೂರಿಸು, ರಸ್ತೆ ಕಾಣುವುದಕ್ಕೆ ಅಡ್ಡ ಬರದ ಜಾಗದಲ್ಲಿ. ವಿಳಾಸ ಹಾಕಿಯೇ ಗೇರ್ ಹಾಕು. ಬದಲಾಯಿಸಬೇಕಾದರೆ ಸರಿಯಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಆಮೇಲೆ ಮುಟ್ಟು. ಮೋಟಾರ್‌ವೇಯ ಹಾರ್ಡ್ ಶೋಲ್ಡರ್ (ಅಂಚಿನಲ್ಲಿ ಬಿಟ್ಟಿರುವ ಪಟ್ಟಿ) ಅದಕ್ಕಲ್ಲ, ಅದು ತುರ್ತಿಗೆ ಮಾತ್ರ. ನಿಜವಾದ ತುರ್ತಿನಲ್ಲಿ, ನಿಲ್ಲಿಸೋಕೆ ಆಗದಿದ್ದರೆ, ತುರ್ತು ಸೇವೆಯ 999 ಅಥವಾ 112ಕ್ಕೆ ಕರೆ ಮಾಡೋಕೆ ವಿನಾಯಿತಿ ಇದೆ.

ಬ್ಲೂಟೂತ್‌ನಲ್ಲಿ ಮಾತಾಡುವುದು ಕಾನೂನುಬಾಹಿರ ಅಲ್ಲ. ಆದರೆ ಗಾಡಿ ಹಿಡಿತದಲ್ಲಿಲ್ಲ ಅಂತ ಪೊಲೀಸರಿಗೆ ಕಂಡರೆ ಆಗಲೂ ಕೇಸ್ ಹಾಕಬಹುದು. ನಾನಂತೂ ಅದನ್ನೂ ಬಿಟ್ಟಿದ್ದೇನೆ. ಒಂದು ದಿನ ಆಫೀಸಿನಿಂದ ಕರೆ ಬಂತು, ನಾನು ದಿನಾ ನೋಡಿಕೊಳ್ಳುತ್ತಿದ್ದ ಅಜ್ಜಿ ಬಿದ್ದಿದ್ದಾರೆ ಅಂತ. ಎರಡೂ ಕೈ ಸ್ಟಿಯರಿಂಗ್ ಮೇಲೇ ಇದ್ದವು. ಆದರೂ ಮುಂದೆ ಬಂದ ರೌಂಡ್‌ಅಬೌಟ್ ಹೇಗೆ ದಾಟಿದೆ ಅಂತ ಈಗಲೂ ನೆನಪಿಲ್ಲ. ಗಂಟೆಗೆ 30 ಮೈಲಿ ಅಂದರೆ ಸೆಕೆಂಡಿಗೆ 13 ಮೀಟರ್. ಮನಸ್ಸು ಎಲ್ಲೋ ಇದ್ದರೂ ಕಾರು ಮುಂದೆ ಹೋಗುತ್ತಲೇ ಇರುತ್ತೆ, ಅಲ್ವಾ?

ಆಫೀಸಿಗೆ ಮೊದಲ ದಿನವೇ ಇಮೇಲ್ ಹಾಕಿಬಿಡು: ಓಡಿಸುವಾಗ ಎತ್ತಲ್ಲ, ಮುಂದಿನ ಮನೆ ಮುಂದೆ ನಿಲ್ಲಿಸಿ ವಾಪಸ್ ಮಾಡ್ತೀನಿ ಅಂತ. ಸಂಕೋಚ ಬೇಡ. 1974ರ ಹೆಲ್ತ್ ಅಂಡ್ ಸೇಫ್ಟಿ ಕಾಯ್ದೆ ಕೆಲಸಕ್ಕಾಗಿ ಓಡಿಸುವುದಕ್ಕೂ ಅನ್ವಯಿಸುತ್ತೆ. ಓಡಿಸುವಾಗಲೇ ಫೋನ್ ಕೈಗೆತ್ತಿಕೋ ಅಂತ ಒತ್ತಾಯಿಸಿದರೆ ಕಂಪನಿಯೂ ಸಿಕ್ಕಿಬೀಳುತ್ತೆ. ಅದು ಅವರಿಗೂ ಗೊತ್ತು, ಸುಮ್ನೆ ಒತ್ತಡ ಹಾಕ್ತಾರೆ.

ಇನ್ನೊಂದು, ನೀನು ಕೇಳಿಲ್ಲ, ಆದರೂ ಹೇಳ್ತೀನಿ. ನಿನ್ನ ಇನ್ಶೂರೆನ್ಸ್ ಕಾಗದ ತೆಗೆದು ನೋಡು. ಬರೀ ಸ್ವಂತ ಓಡಾಟ, ಒಂದು ಆಫೀಸಿಗೆ ಹೋಗಿ ಬರೋದು ಅಂತಿದ್ದರೆ, ಮನೆಯಿಂದ ಮನೆಗೆ ಹೋಗುವ ಈ ಕೆಲಸಕ್ಕೆ ಅದು ಸಾಲದು. ಬಿಸಿನೆಸ್ ಯೂಸ್ (ಕೆಲಸಕ್ಕಾಗಿ ಓಡಿಸುವುದು) ಸೇರಿಸಿಕೊಡಿ ಅಂತ ಸೋಮವಾರದೊಳಗೆ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡು. ನಿಂತಿರುವ ಕಾರಿನಿಂದ.