ವಿಟಮಿನ್ ಡಿ 46ಕ್ಕೆ ಬಂತು, ಇನ್ನೂ ನುಂಗಬೇಕೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 72. ಮೈಕೈ ನೋವು, ಸುಸ್ತು ಎಂದು ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 11 (ನ್ಯಾನೊಗ್ರಾಂ/ಮಿ.ಲೀ.) ಇತ್ತು. ವೈದ್ಯರು 60,000 ಯೂನಿಟ್ ಮಾತ್ರೆಯನ್ನು ವಾರಕ್ಕೊಂದರಂತೆ ಎಂಟು ವಾರ ಕೊಟ್ಟರು. ಈಗ 46 ಆಗಿದೆ. ನೋವು ಎಷ್ಟೋ ವಾಸಿ, ಸುಸ್ತು ಮಾತ್ರ ಪೂರ್ತಿ ಹೋಗಿಲ್ಲ. ‘ಡಿ ಎನ್ನುವುದು ಹಾರ್ಮೋನು. ಅದು 80ರ ಮೇಲಿದ್ದರೆ ಗಂಡಸರ ಹಾರ್ಮೋನೂ ಏರುತ್ತದೆ, ನಿಲ್ಲಿಸಬೇಡಿ’ ಎಂದು ಗೆಳೆಯರೊಬ್ಬರು ಒತ್ತಾಯಿಸುತ್ತಿದ್ದಾರೆ. ಮುಂದುವರಿಸಲೇ?

ಉತ್ತರ: ಬೇಡ ಮೇಷ್ಟ್ರೇ. ವಾರದ ಮಾತ್ರೆ ಮಾಡಬೇಕಾದ ಕೆಲಸ ಮಾಡಿ ಮುಗಿಸಿದೆ.

ನಿಮ್ಮ ಗೆಳೆಯರ ಮಾತಿನ ಮೊದಲರ್ಧ ಸರಿ. ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುವ ಡಿ ಮೊದಲು ಯಕೃತ್ತಿಗೆ ಹೋಗಿ ಒಂದು ರೂಪ ಪಡೆಯುತ್ತದೆ, ಆಮೇಲೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಟ್ರಿಯೋಲ್ ಎಂಬ ಹಾರ್ಮೋನಾಗುತ್ತದೆ. ನಿಮ್ಮ ವರದಿಯಲ್ಲಿರುವ 46, ಯಕೃತ್ತಿನಿಂದ ಹೊರಬಂದ ದಾಸ್ತಾನಿನ ಲೆಕ್ಕ. ಅದರಲ್ಲಿ ಎಷ್ಟನ್ನು ಹಾರ್ಮೋನಾಗಿಸಬೇಕು ಎಂದು ತೀರ್ಮಾನಿಸುವುದು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು, ರಕ್ತದಲ್ಲಿರುವ ಕ್ಯಾಲ್ಸಿಯಂ ಮತ್ತು ರಂಜಕ. ಉಗ್ರಾಣದಲ್ಲಿ ಮೂಟೆ ಹೆಚ್ಚಾಯಿತೆಂದು ಅಡುಗೆಮನೆಯಲ್ಲಿ ಅನ್ನ ಹೆಚ್ಚು ಬೇಯುವುದಿಲ್ಲವಲ್ಲ, ಹಾಗೆ.

ಇನ್ನು ಉಳಿದರ್ಧ. ಡಿ ಕಡಿಮೆಯಿರುವ ಗಂಡಸರಲ್ಲಿ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೂಡ ಕಡಿಮೆ ಇರುವುದು ಕಂಡುಬಂದಿದೆ, ನಿಜ. ಆದರೆ ಬೊಜ್ಜು, ದೀರ್ಘಕಾಲದ ಕಾಯಿಲೆ, ಮನೆಯಿಂದ ಹೊರಗೆ ಕಾಲಿಡದ ಬದುಕು ಇವು ಎರಡನ್ನೂ ಒಟ್ಟಿಗೇ ಇಳಿಸುತ್ತವೆ. ಒಂದು ಸಣ್ಣ ಅಧ್ಯಯನದಲ್ಲಿ ಡಿ ಕೊಟ್ಟಾಗ ಟೆಸ್ಟೋಸ್ಟೆರಾನ್ ಏರಿದ್ದುಂಟು. ಹಾರ್ಮೋನು ಸಹಜವಾಗಿಯೇ ಇದ್ದ ಗಂಡಸರಿಗೆ ಕೊಟ್ಟು ನೋಡಿದಾಗ ಏರಲಿಲ್ಲ. ನಿಮಗೆ ಆ ಅನುಮಾನವೇ ಇದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿ. ಕಡಿಮೆ ಬಂದರೆ ಬೇರೊಂದು ದಿನ ಮತ್ತೊಮ್ಮೆ. ಲೈಂಗಿಕ ಆಸಕ್ತಿ ಕುಂದುವಂಥ ಲಕ್ಷಣಗಳೇನೂ ಇಲ್ಲದೆ ಬರೀ ಸುಸ್ತಿಗೆ ಅದರ ಬೆನ್ನು ಹತ್ತುವುದು ನನಗೆ ಸರಿಕಾಣುವುದಿಲ್ಲ. ಅದಕ್ಕಿಂತ ಮೊದಲು ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಸಕ್ಕರೆ ನೋಡಿ. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟುತ್ತದೆಯೇ ಎಂದು ಮನೆಯವರನ್ನು ಕೇಳಿ.

80ರ ಮೇಲೆ ಇಟ್ಟುಕೊಳ್ಳಿ ಎನ್ನುವುದಕ್ಕೆ ಆಧಾರವಿಲ್ಲ. 20 ಇದ್ದರೆ ಬಹುಪಾಲು ಜನರ ಮೂಳೆಗೆ ಸಾಕು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲೇ ಹೇಳಿದೆ. 30 ಬೇಕು ಎಂದು 2011ರಲ್ಲಿ ಹೇಳಿದ್ದ ಹಾರ್ಮೋನು ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಆ ಗುರಿಯನ್ನೇ ಕೈಬಿಟ್ಟಿತು. ಆದರೂ ಲ್ಯಾಬ್ ವರದಿಗಳು 24 ಬಂದವರ ಮುಂದೆ ದಪ್ಪ ಅಕ್ಷರದಲ್ಲಿ ‘ಕೊರತೆ’ ಎಂದು ಅಚ್ಚು ಹಾಕುತ್ತಲೇ ಇವೆ, ಅದನ್ನು ಹಿಡಿದು ಜನ ಗಾಬರಿಯಿಂದ ನನ್ನಲ್ಲಿಗೆ ಬರುತ್ತಲೇ ಇದ್ದಾರೆ.

ನಿಮ್ಮ 11 ಮಾತ್ರ ನಿಜವಾದ ಕೊರತೆಯೇ. ನೋವು ಇಳಿದಿರುವುದನ್ನು ನೋಡಿದರೆ ಮೂಳೆ ಮೆತ್ತಗಾಗಿದ್ದಿರಬಹುದು. ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ನೋಡಿದ್ದಾರೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ವಯಸ್ಸಾದಂತೆ ಚರ್ಮದಲ್ಲಿ ಡಿ ತಯಾರಾಗುವುದು ಕಡಿಮೆಯಾಗುತ್ತದೆ. ಎಪ್ಪತ್ತು ದಾಟಿದವರ ಚರ್ಮ ಇಪ್ಪತ್ತರವರ ಅರ್ಧದಷ್ಟೂ ಮಾಡುವುದಿಲ್ಲ. ಹಾಗಾಗಿ ಪೂರ್ತಿ ಬಿಟ್ಟರೆ ಮತ್ತೆ ಇಳಿದೀತು. ದಿನಕ್ಕೆ 800ರಿಂದ 1,000 ಯೂನಿಟ್‌ನ ಸಣ್ಣ ಮಾತ್ರೆ ಸಾಕು. ವೈದ್ಯರ ಕಣ್ಗಾವಲಿಲ್ಲದೆ ದಿನಕ್ಕೆ 4,000 ದಾಟಬಾರದು. ಬಿ.ಪಿ.ಗೆ ಥಯಝೈಡ್ ಗುಂಪಿನ ಮಾತ್ರೆ ತಿನ್ನುತ್ತಿದ್ದರೆ ಇನ್ನೂ ಎಚ್ಚರ ಬೇಕು, ಅದು ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗದಂತೆ ತಡೆಯುತ್ತದೆ. ಅತಿ ದಾಹ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕು ಕಂಡರೆ ರಕ್ತದ ಕ್ಯಾಲ್ಸಿಯಂ ನೋಡಿಸಿ.

ಪ್ರಶ್ನೆ: ನನ್ನ ತಾಯಿಗೆ 68. ಹಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಾದಾಗ ಏರುವ, ಅತಿಯಾದಾಗ ಇಳಿಯುವ ಸೂಚಕ) ಸರಿಯಾಗಿಯೇ ಇತ್ತು. ಮೂಳೆಗೆಂದು ಕ್ಯಾಲ್ಸಿಯಂ-ಡಿ ಮಾತ್ರೆ ಶುರು ಮಾಡಿದ ಮೇಲೆ 9ಕ್ಕೆ ಏರಿತು, ಡೋಸ್ ಹೆಚ್ಚಿಸಿದರು. ಈಗ 0.1 ಬಂದಿದೆ! ನಡುವೆ ಸೇರಿದ್ದು ಕೂದಲು ಉದುರುವುದಕ್ಕೆ ಒಂದು ಮಾತ್ರೆ ಮಾತ್ರ, ಅದು ಬರೀ ವಿಟಮಿನ್. ಗ್ರಂಥಿಗೇ ಏನಾದರೂ ಆಗಿದೆಯೇ?

ಉತ್ತರ: ಹೊಸ ರೋಗಿಗಳಿಗೆ ನಾನು ಹೇಳುವುದು ಒಂದೇ: ಮನೆಯಲ್ಲಿರುವ ಮಾತ್ರೆ ಡಬ್ಬಿಗಳನ್ನೆಲ್ಲ ಚೀಲದಲ್ಲಿ ತುಂಬಿ ತನ್ನಿ. ಚೀಟಿಯಲ್ಲಿ ಬರೆದು ತಂದರೆ ‘ಬರೀ ವಿಟಮಿನ್’ಗಳು ಪಟ್ಟಿಗೇ ಬರುವುದಿಲ್ಲ. ಡಬ್ಬಿ ಕೈಗೆ ಬಂದರೆ ಹಿಂಬದಿಯ ಸಣ್ಣಕ್ಷರ ಓದಬಹುದು. ನಿಮ್ಮ ತಾಯಿಯವರ ಕೂದಲಿನ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿ. ಬಯೋಟಿನ್ ಎಂದು ಇರುತ್ತದೆ, ಪಕ್ಕದಲ್ಲಿ 5,000 ಅಥವಾ 10,000 ಮೈಕ್ರೋಗ್ರಾಂ ಎಂದಿದ್ದರೆ ಆಶ್ಚರ್ಯವಿಲ್ಲ. ದಿನಕ್ಕೆ ಬೇಕಾಗುವುದು ಸುಮಾರು 30.

ಹೆಚ್ಚುವರಿ ಬಯೋಟಿನ್ ಮೂತ್ರದಲ್ಲಿ ಹೋಗಿಬಿಡುತ್ತದೆ, ಗ್ರಂಥಿಗೆ ತೊಂದರೆ ಮಾಡುವುದಿಲ್ಲ. ತೊಂದರೆ ಆಗುವುದು ಲ್ಯಾಬಿನ ಯಂತ್ರದಲ್ಲಿ. ಅನೇಕ ಹಾರ್ಮೋನ್ ಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತಾರೆ. ರಕ್ತದಲ್ಲೂ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇಲ್ಲದಷ್ಟು ಕಡಿಮೆ ತೋರಿಸುತ್ತದೆ, ಥೈರಾಯ್ಡ್ ಹಾರ್ಮೋನಾದ ಟಿ4 ಇಲ್ಲದಷ್ಟು ಹೆಚ್ಚು. ಕೆಲವು ವಿಧಾನಗಳಲ್ಲಿ ಪಿಟಿಎಚ್ ತಪ್ಪಾಗಿ ಇಳಿಯುತ್ತದೆ, ವಿಟಮಿನ್ ಡಿ ತಪ್ಪಾಗಿ ಏರುತ್ತದೆ. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಕೂಡ ಹೀಗೆ ಕಡಿಮೆ ಬಂದು ಒಬ್ಬರು ತೀರಿಕೊಂಡ ವರದಿಯ ನಂತರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಹೊರಡಿಸಿತು. ಇಷ್ಟಾದರೂ ರಕ್ತ ತೆಗೆಯುವಾಗ ಇದನ್ನು ಕೇಳುವವರು ಅಪರೂಪ.

ಮೊದಲು 9 ಬಂದದ್ದಕ್ಕೆ ಬಹುಶಃ ಕಾರಣ ಬೇರೆ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ, ಕಬ್ಬಿಣದ ಮಾತ್ರೆಯೂ ಅಷ್ಟೇ. ಎರಡನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುತ್ತಿದ್ದಾರೆಯೇ, ವಿಚಾರಿಸಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನೊಂದಿಗೆ. ಕ್ಯಾಲ್ಸಿಯಂ ಕನಿಷ್ಠ ನಾಲ್ಕು ಗಂಟೆ ಬಿಟ್ಟು. ರಾತ್ರಿ ಊಟಕ್ಕೆ ಹಾಕಿಕೊಂಡರೆ ಮರೆಯುವ ಗೋಜಿಲ್ಲ.

ಬಯೋಟಿನ್ ಈಗಲೇ ನಿಲ್ಲಿಸಿ. ಎರಡು ಮೂರು ದಿನ ಬಿಟ್ಟು ಟಿಎಸ್‌ಎಚ್, ಫ್ರೀ ಟಿ4 ಮತ್ತೆ ಮಾಡಿಸಿ, ಡೋಸಿನ ಮಾತು ಆಮೇಲೆ. 0.1 ಸುಳ್ಳೇ ಎಂದು ನಾನು ಹೇಳುತ್ತಿಲ್ಲ, ಹೆಚ್ಚಿಸಿದ ಡೋಸ್ ನಿಜಕ್ಕೂ ಹೆಚ್ಚಾಗಿರಲೂಬಹುದು. ಎದೆ ಡವಡವ, ಕೈ ನಡುಕ ಇದ್ದರೆ ಕಾಯಬೇಡಿ, ಇವತ್ತೇ ವೈದ್ಯರನ್ನು ಕಾಣಿ. ಈ ವಯಸ್ಸಿನಲ್ಲಿ ಥೈರಾಯ್ಡ್ ಹಾರ್ಮೋನು ಅತಿಯಾದರೆ ಹೃದಯದ ಲಯ ತಪ್ಪುತ್ತದೆ, ಯಾವ ಮೂಳೆಗೆಂದು ಕ್ಯಾಲ್ಸಿಯಂ ನುಂಗುತ್ತಿದ್ದಾರೋ ಆ ಮೂಳೆಯೇ ಸವೆಯುತ್ತದೆ. ಸಮಯ ಬದಲಿಸಿದ ಆರೆಂಟು ವಾರಕ್ಕೆ ಇನ್ನೊಂದು ಪರೀಕ್ಷೆ ಬೇಕು, ಈಗ ಮಾತ್ರೆ ಪೂರ್ತಿ ಒಳಗೆ ಹೋಗತೊಡಗುತ್ತದೆ.

ಪ್ರಶ್ನೆ: ನನಗೆ 78. ಹೋದ ವರ್ಷ ಎರಡು ಸಲ ಬಿದ್ದೆ. ದಿನಾ ವಿಟಮಿನ್ ಡಿ ಮಾತ್ರೆ ನುಂಗಲು ಬೇಸರ. ವರ್ಷಕ್ಕೊಮ್ಮೆ ದೊಡ್ಡ ಡೋಸ್ ತೆಗೆದುಕೊಂಡು ನಿಶ್ಚಿಂತೆಯಾಗಿರಬಹುದಂತೆ, ಹೌದೇ?

ಉತ್ತರ: ಖಂಡಿತ ಬೇಡಮ್ಮಾ. ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಎಪ್ಪತ್ತು ದಾಟಿದ 2,256 ಮಹಿಳೆಯರಲ್ಲಿ ಅರ್ಧ ಜನರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟ ಆಸ್ಟ್ರೇಲಿಯಾದ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಡಿ ಪಡೆದವರಲ್ಲಿ ಬೀಳುವುದು ಶೇ 15ರಷ್ಟು, ಮೂಳೆ ಮುರಿತ ಶೇ 26ರಷ್ಟು ಹೆಚ್ಚಾಗಿತ್ತು. ಡೋಸ್ ಕೊಟ್ಟ ಮೊದಲ ಮೂರು ತಿಂಗಳಲ್ಲೇ ಬೀಳುವುದು ಜಾಸ್ತಿ. ದಿನದ ಸಣ್ಣ ಮಾತ್ರೆಯೇ ಕ್ಷೇಮ.

ಎರಡು ಸಲ ಬಿದ್ದದ್ದಕ್ಕೆ ಕಾರಣ ಹುಡುಕಬೇಕು. ಮಲಗಿದಾಗಿನ ಬಿ.ಪಿ.ಗೂ ಎದ್ದು ನಿಂತಾಗಿನದಕ್ಕೂ ವ್ಯತ್ಯಾಸವೆಷ್ಟು, ನಿದ್ರೆ ಮಾತ್ರೆ ಇದೆಯೇ, ಕಣ್ಣಿನ ಪೊರೆ ಬೆಳೆದಿದೆಯೇ, ಕೈ ಊರದೆ ಕುರ್ಚಿಯಿಂದ ಏಳಬಲ್ಲಿರೇ? ಜೊತೆಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಮೂಳೆ ಸವೆದಿದ್ದರೆ ವರ್ಷಕ್ಕೊಮ್ಮೆ ಕೊಡುವ ಝೊಲೆಡ್ರೊನಿಕ್ ಆಸಿಡ್ ಎಂಬ ಔಷಧವೇ ಇದೆ, ಬೇಸರದವರಿಗೆ ಹೇಳಿ ಮಾಡಿಸಿದಂಥದ್ದು. ಅದನ್ನು ಕೊಡುವ ಮುನ್ನ ಡಿ ಮತ್ತು ಕ್ಯಾಲ್ಸಿಯಂ ಸರಿಯಿರಬೇಕು, ಮೂತ್ರಪಿಂಡ ಚೆನ್ನಾಗಿರಬೇಕು.

ಪ್ರಶ್ನೆ: ಡಿಎಚ್‌ಇಎ ಎಂಬ ಹಾರ್ಮೋನ್ ಮಾತ್ರೆ ತಿಂದರೆ ಮುಪ್ಪು ಹಿಂದೆ ಸರಿಯುತ್ತದೆಯೇ? ವಯಸ್ಸು 66.

ಉತ್ತರ: ಇಲ್ಲ. ವಯಸ್ಸಾದಂತೆ ಆ ಹಾರ್ಮೋನು ಇಳಿಯುವುದು ನಿಜ. ಆದರೆ ಹಿರಿಯರಿಗೆ ಎರಡು ವರ್ಷ ಕೊಟ್ಟು ನೋಡಿದ 2006ರ ಅಧ್ಯಯನದಲ್ಲಿ ಶಕ್ತಿಯೂ ಹೆಚ್ಚಲಿಲ್ಲ, ಬದುಕಿನ ಗುಣಮಟ್ಟವೂ ಸುಧಾರಿಸಲಿಲ್ಲ. ಪ್ರಾಸ್ಟೇಟ್ ತೊಂದರೆ ಇರುವವರಂತೂ ದೂರವಿರಿ.

ಪ್ರಶ್ನೆ: ಮುಚ್ಚಿದ ಗಾಜಿನ ಕಿಟಕಿಯ ಪಕ್ಕ ದಿನಾ ಒಂದು ಗಂಟೆ ಬಿಸಿಲಿಗೆ ಕೂರುತ್ತೇನೆ. ಸಾಕೇ?

ಉತ್ತರ: ಬೆಚ್ಚಗಿರಲು ಸಾಕು, ಡಿಗೆ ಸಾಲದು. ಅದನ್ನು ತಯಾರಿಸುವ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಹೊರಗೆ ಬನ್ನಿ, ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ತೋಳು, ಕಾಲು ಸ್ವಲ್ಪ ಹೊತ್ತು ಬಿಸಿಲಿಗಿಡಿ, ಚರ್ಮ ಕೆಂಪಾಗುವವರೆಗೆ ಬೇಡ. ಹೊರಗೆ ಬರಲು ಆಗದಿದ್ದರೆ ಮೇಷ್ಟ್ರಿಗೆ ಹೇಳಿದ ಸಣ್ಣ ಮಾತ್ರೆಯೇ ನಿಮಗೂ. ಅದು ಜಿಡ್ಡಿನಲ್ಲಿ ಕರಗುವಂಥದ್ದು, ಊಟದ ಜೊತೆ ತೆಗೆದುಕೊಳ್ಳಿ.