ಹಾರುವ ಶನಿವಾರ, ಕೈಕೊಡುವ ಗಾಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ವಾರಾಂತ್ಯದ ಪ್ಯಾರಾಗ್ಲೈಡಿಂಗ್ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಹವಾಮಾನದ ಬಗ್ಗೆಯೇ ಇವೆ. ಒಂದೇ ರೀತಿಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ನಾವು ಐವರು ಗೆಳೆಯರು ಡಿಸೆಂಬರ್‌ನಲ್ಲಿ ಪುಣೆ ಬಳಿಯ ಕಾಮಶೇತ್‌ನಲ್ಲಿ ಪ್ರಾಥಮಿಕ ತರಬೇತಿ ಮುಗಿಸಿದ್ದೇವೆ. ಏಪ್ರಿಲ್ ಕೊನೆಯಲ್ಲಿ ಶುಕ್ರವಾರ ರಾತ್ರಿ ಬಸ್ ಹತ್ತಿ ಮತ್ತೆ ಹೋಗುವ ಯೋಚನೆಯಿದೆ. ಮೊಬೈಲ್‌ನಲ್ಲಿ ‘ಬಿಸಿಲು, ಗಾಳಿ 14 ಕಿ.ಮೀ.’ ಎಂದು ತೋರಿಸುತ್ತಿದೆ. ಇಷ್ಟು ಸಾಕೆ? — ಬೆಂಗಳೂರು

ಸಾಲದು. ಏಪ್ರಿಲ್‌ನ ಬಿಸಿಲು ಎಂದರೆ ಜೋರು ಥರ್ಮಲ್ (ಕಾದ ನೆಲದಿಂದ ಮೇಲೇಳುವ ಗಾಳಿ); ಡಿಸೆಂಬರ್‌ನ ತಣ್ಣನೆಯ ಬೆಳಗಿನಲ್ಲಿ ಕಲಿತವರಿಗೆ ಅದು ಬೇರೆಯೇ ಆಕಾಶ. ಇನ್ನು ಆ 14 ಕಿ.ಮೀ. ಎನ್ನುವುದು ನೆಲದಿಂದ 10 ಮೀಟರ್ ಎತ್ತರದ ಸರಾಸರಿ ವೇಗ, ಅದೂ ಹಲವು ಕಿಲೋಮೀಟರ್ ಅಗಲದ ಒಂದು ಚೌಕಕ್ಕೆಲ್ಲ ಸೇರಿಸಿ ಹೇಳಿದ್ದು. ನೀವು ನಿಲ್ಲುವ ಗುಡ್ಡದ ಅಂಚಿನಲ್ಲಿ ಗಾಳಿ ಒತ್ತಿಕೊಂಡು ಮೇಲೇರುವುದರಿಂದ ವೇಗ ಅದಕ್ಕಿಂತ ಹೆಚ್ಚೇ ಇರುತ್ತದೆ.

ವಿಂಡಿ ಆ್ಯಪ್‌ನಲ್ಲಿ ಮೂರು ಸಾಲು ತೆರೆದು ನೋಡಿ. ಮೊದಲನೆಯದು ಗಸ್ಟ್, ಅಂದರೆ ಆಗಾಗ ಜೋರಾಗಿ ನುಗ್ಗುವ ಗಾಳಿ. ಸರಾಸರಿಗೂ ಗಸ್ಟ್‌ಗೂ ನಡುವಿನ ಅಂತರ 10 ಕಿ.ಮೀ. ಮುಟ್ಟಿದರೆ ಹೊಸಬರಿಗೆ ಆ ಹೊತ್ತು ಹಾರುವ ಹೊತ್ತಲ್ಲ. ಟೇಕಾಫ್‌ಗೆ 10ರಿಂದ 18 ಕಿ.ಮೀ.ಯ ನಯವಾದ ಗಾಳಿ ಹಿತ. ಏರಿಳಿಯುವ 15 ಕಿ.ಮೀ. ಗಾಳಿಗಿಂತ ಒಂದೇ ಸಮನೆ ಬೀಸುವ 18 ಕಿ.ಮೀ. ಗಾಳಿ ವಾಸಿ. ಎರಡನೆಯದು ಮೇಲಿನ ಗಾಳಿ. ಆ್ಯಪ್‌ನಲ್ಲಿ 900 ಮತ್ತು 850 ಹೆಕ್ಟೊಪಾಸ್ಕಲ್ ಎಂಬ ಮಟ್ಟಗಳಿರುತ್ತವೆ, ಸಮುದ್ರಮಟ್ಟದಿಂದ ಸುಮಾರು 1,000 ಮತ್ತು 1,500 ಮೀಟರ್ ಎತ್ತರ. ಅಲ್ಲಿ 30 ಕಿ.ಮೀ. ಇದ್ದು ಕೆಳಗೆ 12 ಇದ್ದರೆ ಮೋಸ ಹೋಗಬೇಡಿ. ಹೊತ್ತೇರಿ ನೆಲ ಕಾದು ಗಾಳಿ ಮೇಲೆ ಕೆಳಗೆ ಕಲಸಿಕೊಂಡಾಗ ಆ 30 ಕೆಳಗಿಳಿಯುತ್ತದೆ. ಮೂರನೆಯದು ಗುಡುಗುಮಳೆಯ ಸಂಭವ. ಅಶ್ವಿನಿ, ಭರಣಿ ಮಳೆಗಳ ಕಾಲವಾದ್ದರಿಂದ ಸಹ್ಯಾದ್ರಿಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಸಹಜ.

ಇಸಿಎಂಡಬ್ಲ್ಯುಎಫ್, ಜಿಎಫ್‌ಎಸ್ ಎಂಬ ಎರಡು ಹವಾಮಾನ ಮುನ್ಸೂಚನೆಯ ಮಾದರಿಗಳನ್ನು ಬುಧವಾರ ಒಮ್ಮೆ, ಶುಕ್ರವಾರ ಮಧ್ಯಾಹ್ನ ಒಮ್ಮೆ ಹೋಲಿಸಿ. ಎರಡೂ ಒಂದೇ ಮಾತು ಹೇಳುತ್ತಿದ್ದರೆ ಹೊರಡಿ. ಒಂದು ಪಶ್ಚಿಮದ ಗಾಳಿ ಎಂದು, ಇನ್ನೊಂದು ಆಗ್ನೇಯ ಎಂದು ತೋರಿಸಿದರೆ ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಬೇಡಿ. ಹವೆ ಇನ್ನೂ ನಿರ್ಧಾರವಾಗಿಲ್ಲ ಎಂದು ಓದಿಕೊಳ್ಳಿ. ರದ್ದು ಮಾಡಿದರೆ ಹಣ ವಾಪಸಾಗುವ ಟಿಕೆಟ್ಟನ್ನೇ ಕೊಳ್ಳಿ. ಕಳೆದುಕೊಳ್ಳುವ ಮೊತ್ತ ದೊಡ್ಡದಾದಷ್ಟೂ ಕೆಟ್ಟ ಗಾಳಿ ಒಳ್ಳೆಯದಾಗಿ ಕಾಣುತ್ತದೆ.

ಇನ್ನೊಂದು ಲೆಕ್ಕ. ಬೆಂಗಳೂರಿನಿಂದ ಪುಣೆಗೆ ಬಸ್ಸಿನಲ್ಲಿ 14ರಿಂದ 16 ಗಂಟೆ, ಅಲ್ಲಿಂದ ಕಾಮಶೇತ್‌ಗೆ ಸುಮಾರು 45 ಕಿ.ಮೀ. ಶನಿವಾರದ ಬೆಳಗು ರಸ್ತೆಯಲ್ಲೇ ಹೋಯಿತು. ಏಪ್ರಿಲ್‌ನಲ್ಲಿ ಹೊಸಬರು ಹಾರಬೇಕಾದದ್ದು ಬೆಳಿಗ್ಗೆ 7ರಿಂದ 9:30 ಮತ್ತು ಸಂಜೆ 5ರ ನಂತರ, ಕೊಂಕಣದ ಕಡೆಯ ಪಡುವಣ ಗಾಳಿ ಮೆತ್ತಗಾದ ಮೇಲೆ. ಅಂದರೆ ನಿಮ್ಮ ಕೈಗೆ ಸಿಗುವುದು ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ, ಎರಡೇ ಹೊತ್ತು. ಮೊದಲನೆಯದು ನಿದ್ದೆಗೆಟ್ಟ ಕಣ್ಣಿನಲ್ಲಿ. ಸೋಮವಾರ ಒಂದು ದಿನ ರಜೆ ಹಾಕಿದರೆ ಹೊತ್ತುಗಳು ನಾಲ್ಕಾಗುತ್ತವೆ. ಒಂದೆರಡು ಕೈಕೊಟ್ಟರೂ ‘ಇಷ್ಟು ದೂರ ಬಂದಿದ್ದೇವಲ್ಲ’ ಎಂಬ ಮಾತು ಹುಟ್ಟುವುದಿಲ್ಲ. ಹಾಗೆ ಆಗದಿದ್ದರೆ ತಿಂಗಳಿಗೊಂದರಂತೆ ಮೂರು ಚಿಕ್ಕ ಪ್ರವಾಸಗಳ ಬದಲು ನವೆಂಬರ್-ಫೆಬ್ರವರಿ ನಡುವೆ ಒಂದೇ ದೊಡ್ಡದು ಮಾಡಿ.

ಗುಡ್ಡದ ಮೇಲೆ ನಿಂತಾಗ 20 ಕಿ.ಮೀ. ಆಚೆ ಕಪ್ಪು ಮೋಡ ಕಾಣುತ್ತಿತ್ತು. ಗುಡುಗು ಕೇಳಿಸುತ್ತಿರಲಿಲ್ಲ, ನಮ್ಮ ಕಡೆ ಗಾಳಿ ನಯವಾಗಿತ್ತು. ತಂಡದಲ್ಲಿ ಅರ್ಧ ಜನ ಹಾರಿದರು, ಏನೂ ಆಗಲಿಲ್ಲ. ಸರಿಯೇ? — ಬೆಳಗಾವಿ

ಏನೂ ಆಗಲಿಲ್ಲ ಎಂಬುದು ನಿರ್ಧಾರ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಗುಡುಗು ಸಾಮಾನ್ಯವಾಗಿ ಕೇಳಿಸುವುದು 15 ಕಿ.ಮೀ. ಒಳಗಿದ್ದರೆ ಮಾತ್ರ. ಆದರೆ ಮಳೆಯ ಜೊತೆ ಕುಸಿಯುವ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದಲ್ಲ, ಆ ಗಸ್ಟ್ ಫ್ರಂಟ್ ಮೋಡಕ್ಕಿಂತ 20–30 ಕಿ.ಮೀ. ಮುಂದೆ ಬರಬಲ್ಲದು. ನಿಮಿಷಗಳಲ್ಲಿ 12 ಇದ್ದ ಗಾಳಿ 50 ಆಗುತ್ತದೆ. ಕಲಿಕೆಯ ಪ್ಯಾರಾಗ್ಲೈಡರ್ ರೆಕ್ಕೆ, ಬ್ರೇಕ್ (ಕೈಯಿಂದ ಎಳೆಯುವ ನಿಯಂತ್ರಣದ ದಾರ) ಬಿಟ್ಟರೆ ಹೋಗುವುದು ಗಂಟೆಗೆ 36–38 ಕಿ.ಮೀ.; ವೇಗ ಹೆಚ್ಚಿಸಲು ಕಾಲಿನಿಂದ ತುಳಿಯುವ ಸ್ಪೀಡ್ ಬಾರ್ ಪೂರ್ತಿ ತುಳಿದರೂ 50ರ ಆಸುಪಾಸು. ಮಿಕ್ಕದ್ದನ್ನು ನೀವೇ ಲೆಕ್ಕ ಹಾಕಿ: ಮುಖ ಮುಂದಕ್ಕಿದ್ದರೂ ಹಿಂದಕ್ಕೆ ಸಾಗುತ್ತೀರಿ, ಗುಡ್ಡದ ಬೆನ್ನಿನ ಸುಳಿಗಾಳಿಗೆ.

ನೋಡಬೇಕಾದ ಗುರುತುಗಳು ಹಲವು. ಬೆಳಿಗ್ಗೆ 11ಕ್ಕೇ ಮೋಡಗಳು ಅಗಲಕ್ಕಿಂತ ಎತ್ತರ ಬೆಳೆದಿರುವುದು. ತಳ ಕಪ್ಪಾಗಿ ಹತ್ತಾರು ಮೋಡಗಳು ಒಂದಕ್ಕೊಂದು ಕೂಡಿಕೊಳ್ಳುವುದು. ಇದುವರೆಗೆ ಚೆನ್ನಾಗಿ ಬೀಸುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಗುವುದು ಅಥವಾ ಮೋಡದ ಕಡೆಗೇ ಎಳೆಯತೊಡಗುವುದು. ಇದನ್ನು ‘ಗಾಳಿ ತಣಿಯಿತು, ಈಗ ಹಾರಬಹುದು’ ಎಂದು ತಪ್ಪು ತಿಳಿಯುವವರು ಬಹಳ. ದೂರದಲ್ಲಿ ಕೆಂಧೂಳಿನ ಗೋಡೆ ಎದ್ದರೆ ಮಾತೇ ಬೇಡ, ರೆಕ್ಕೆ ಮಡಚಿ.

ಹಿಂದಿನ ದಿನವೇ ಸುಳಿವು ಕೊಡುವ ಅಂಕಿ ಒಂದಿದೆ: ಇಬ್ಬನಿ ಬಿಂದು, ಅಂದರೆ ಗಾಳಿಯಲ್ಲಿರುವ ತೇವ ಹನಿಗಟ್ಟತೊಡಗುವ ಉಷ್ಣತೆ. ನೆಲಮಟ್ಟದ ಗಾಳಿಯ ಉಷ್ಣತೆಯಿಂದ ಅದನ್ನು ಕಳೆದು 125ರಿಂದ ಗುಣಿಸಿದರೆ ನೆಲದಿಂದ ಮೋಡದ ತಳ ಎಷ್ಟು ಮೀಟರ್ ಎತ್ತರ ಎಂದು ಅಂದಾಜು ಸಿಗುತ್ತದೆ. 36 ಡಿಗ್ರಿ ಬಿಸಿಲು, ಇಬ್ಬನಿ ಬಿಂದು 16 ಇದ್ದರೆ 2,500 ಮೀಟರ್. ಎರಡು ದಿನದಲ್ಲಿ 16 ಇದ್ದದ್ದು 22 ಆದರೆ ತಳ 1,750ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಗುಡುಗುಮೋಡಕ್ಕೆ ಬೇಕಾದ ತೇವ ಬಂದು ಸೇರಿತು. ಜೊತೆಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ದಾಮಿನಿ ಆ್ಯಪ್ ಇಟ್ಟುಕೊಳ್ಳಿ, ಸುತ್ತ 20–40 ಕಿ.ಮೀ. ವ್ಯಾಪ್ತಿಯಲ್ಲಿ ಬಿದ್ದ ಸಿಡಿಲನ್ನು ತೋರಿಸುತ್ತದೆ. ಆ ವೃತ್ತದೊಳಗೆ ಒಂದು ಸಿಡಿಲು ಬಿದ್ದಿದ್ದರೂ ಹಾರಾಟವಿಲ್ಲ ಎಂದು ನಿಯಮ ಮಾಡಿಕೊಳ್ಳಿ.

ಗಾಳಿಯಲ್ಲಿದ್ದಾಗಲೇ ಮೋಡ ಮೇಲಕ್ಕೆಳೆಯತೊಡಗಿದರೆ ತಳ ಮುಟ್ಟುವವರೆಗೆ ಕಾಯಬೇಡಿ. ಮೋಡದ ನಡುವಿನಿಂದ ಅಂಚಿನ ಕಡೆಗೆ ತಿರುಗಿ, ಎರಡೂ ಬದಿಯ ಹೊರಗಿನ ‘ಎ’ ಲೈನ್‌ಗಳನ್ನು (ರೆಕ್ಕೆಯ ಮುಂಅಂಚಿನ ದಾರಗಳು) ಎಳೆದು ರೆಕ್ಕೆಯ ತುದಿಗಳನ್ನು ಮಡಚಿ, ಅದಾದ ಮೇಲೆ ಸ್ಪೀಡ್ ಬಾರ್ ತುಳಿಯಿರಿ. ಈ ‘ಬಿಗ್ ಇಯರ್ಸ್’ ಸೆಕೆಂಡಿಗೆ 2–3 ಮೀಟರ್ ಇಳಿಸುತ್ತದೆ, ಅಷ್ಟೇ. ಬೆಳೆಯುತ್ತಿರುವ ಮೋಡದ ಎಳೆತ ಅದರ ಹಲವು ಪಟ್ಟು. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾದಲ್ಲಿ ಜರ್ಮನಿಯ ಏವಾ ವಿಸ್ನಿಯೆರ್ಸ್ಕಾ ಅವರನ್ನು ಗುಡುಗುಮೋಡ 9,900 ಮೀಟರಿಗೂ ಮೇಲೆ ಎಳೆದೊಯ್ದಿತ್ತು. ಪ್ರಜ್ಞೆ ತಪ್ಪಿದ ಅವರು ಬದುಕಿ ಕೆಳಗಿಳಿದರು. ಅದೇ ದಿನ ಅದೇ ಗುಡುಗುಮೋಡಗಳಿಗೆ ಸಿಕ್ಕ ಚೀನಾದ ಪೈಲಟ್ ಉಳಿಯಲಿಲ್ಲ. ಅವರಿಬ್ಬರೂ ಹೊಸಬರಾಗಿರಲಿಲ್ಲ, ಸ್ಪರ್ಧೆಗಳ ಮಟ್ಟದ ಪೈಲಟ್‌ಗಳು.

ಮಧ್ಯಾಹ್ನ ವಿಂಡ್ ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕೊಳವೆ) ಎದುರುಗಾಳಿಯನ್ನೇ ತೋರಿಸುತ್ತಿತ್ತು. ಆದರೂ ನಮ್ಮ ತರಬೇತುದಾರರು ಹಾರಲು ಬಿಡಲಿಲ್ಲ, ‘ಗಾಳಿ ಹಿಂದಿನದು’ ಎಂದರು. ಅರ್ಥವಾಗಲಿಲ್ಲ. — ಧಾರವಾಡ

ಅವರು ಹೇಳಿದ್ದು ಸರಿ. ಬಿಸಿಲಿಗೆ ಕಾದ ಇಳಿಜಾರಿನಿಂದ ಥರ್ಮಲ್ ಏಳುವಾಗ ಕೆಳಗಿನ ಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಪ್ರದೇಶದ ಒಟ್ಟಾರೆ ಗಾಳಿ ಗುಡ್ಡದ ಬೆನ್ನಿನಿಂದ ಬೀಸುತ್ತಿದ್ದರೂ ಟೇಕಾಫ್‌ನಲ್ಲಿ ಎದುರುಗಾಳಿಯ ಭ್ರಮೆ ಹುಟ್ಟುತ್ತದೆ. ಅದನ್ನು ನಂಬಿ ಹಾರಿದವರು ಗುಡ್ಡದ ನೆತ್ತಿಗಿಂತ ಮೇಲೇರಿದ ಕೂಡಲೇ ಎರಡು ಗಾಳಿಗಳು ಒಂದನ್ನೊಂದು ಕತ್ತರಿಸುವ ಜಾಗಕ್ಕೆ ಸಿಕ್ಕಿಬೀಳುತ್ತಾರೆ. ರೆಕ್ಕೆಯ ಒಂದು ಬದಿ ಮಡಚಿಕೊಳ್ಳುವುದು ಅಲ್ಲೇ. ಹತ್ತು ನಿಮಿಷ ನಿಂತು ನೋಡಿ: ಎದುರುಗಾಳಿ ಬಿಟ್ಟು ಬಿಟ್ಟು ಬರುತ್ತಿದೆಯೇ, ನಡುವೆ ಬೆನ್ನಿಗೆ ಗಾಳಿ ತಾಗುತ್ತಿದೆಯೇ? ಮೋಡದ ನೆರಳು ನೆಲದ ಮೇಲೆ ಯಾವ ಕಡೆ ಜಾರುತ್ತಿದೆ, ದೂರದ ಗದ್ದೆಯಲ್ಲಿ ಯಾರಾದರೂ ಸುಟ್ಟ ಹುಲ್ಲಿನ ಹೊಗೆ ಎತ್ತ ವಾಲಿದೆ? ವಿಂಡ್ ಸಾಕ್ ಹೇಳುವುದು ತನ್ನ ಕಂಬದ ಸುದ್ದಿ ಮಾತ್ರ.

ಒಂದು ಬದಿ ಮಡಚಿಕೊಂಡರೆ ಮೊದಲ ಕೆಲಸ ದಿಕ್ಕು ಉಳಿಸಿಕೊಳ್ಳುವುದು. ತೆರೆದಿರುವ ಬದಿಗೆ ಮೈಭಾರ ಹಾಕಿ, ಆ ಬದಿಯ ಬ್ರೇಕನ್ನು ಗುಡ್ಡದ ಕಡೆ ತಿರುಗದಷ್ಟು ಮಾತ್ರ ಎಳೆಯಿರಿ. ಅದಾದ ಮೇಲೆ ಮಡಚಿದ ಬದಿಯ ಬ್ರೇಕನ್ನು ಒಮ್ಮೆ ಆಳವಾಗಿ, ನಿಧಾನವಾಗಿ ಎಳೆದು ಬಿಡಿ. ಗಾಬರಿಯಲ್ಲಿ ತೆರೆದ ಬದಿಯ ಬ್ರೇಕನ್ನು ಜಗ್ಗಿದರೆ ಅದೂ ಸ್ಟಾಲ್ ಆಗುತ್ತದೆ, ಅಂದರೆ ಹಾರುವ ಶಕ್ತಿ ಕಳೆದುಕೊಳ್ಳುತ್ತದೆ. ಸಣ್ಣ ತೊಂದರೆ ದೊಡ್ಡದಾಗುವುದು ಹೀಗೆ.

ತುಂತುರು ಮಳೆಗೆ ರೆಕ್ಕೆ ಸ್ವಲ್ಪ ನೆನೆದಿದೆ. ಹಾರಿಸಿಯೇ ಒಣಗಿಸಬಹುದಂತೆ? — ಹುಬ್ಬಳ್ಳಿ

ಬೇಡ. ಮುಂಅಂಚಿನ ಬಟ್ಟೆಯ ಮೇಲೆ ಹನಿಗಳು ಕೂತರೆ ಗಾಳಿ ಅದಕ್ಕೆ ಅಂಟಿಕೊಂಡು ಹರಿಯುವುದಿಲ್ಲ. ರೆಕ್ಕೆ ತೆರೆದೇ ಇದ್ದು, ಮುಂದೆ ಸಾಗದೆ ನೇರ ಕೆಳಗಿಳಿಯತೊಡಗುತ್ತದೆ: ಪ್ಯಾರಾಶೂಟಲ್ ಸ್ಟಾಲ್. ಕಿವಿಯಲ್ಲಿ ಗಾಳಿಯ ಸದ್ದು ನಿಂತುಹೋಗುವುದೇ ಅದರ ಗುರುತು. ಹಾರುವಾಗಲೇ ಮಳೆಗೆ ಸಿಕ್ಕರೆ ಕೈ ಮೇಲೆತ್ತಿ, ಸ್ಪೀಡ್ ಬಾರನ್ನು ಸ್ವಲ್ಪ ತುಳಿದು, ದೊಡ್ಡ ತಿರುವುಗಳಲ್ಲಿ ಬಯಲಿಗೆ ಇಳಿಯಿರಿ. ಒದ್ದೆ ರೆಕ್ಕೆಯಲ್ಲಿ ಬಿಗ್ ಇಯರ್ಸ್ ಮಾಡಬೇಡಿ, ಬ್ರೇಕ್ ಆಳವಾಗಿ ಎಳೆಯಬೇಡಿ.

ಒಣಗಿಸುವುದು ನೆರಳಲ್ಲಿ, ಗಾಳಿಯಾಡುವ ಕಡೆ. ಬಿಸಿಲಿಗೆ ಹರವಿದರೆ ಬೇಗ ಒಣಗುತ್ತದೆ, ನೈಲಾನ್ ಬಟ್ಟೆಯೂ ಬೇಗ ಹಾಳಾಗುತ್ತದೆ. ಒದ್ದೆಯಲ್ಲೇ ಚೀಲಕ್ಕೆ ತುರುಕಿ ಬಸ್ಸಿನ ಡಿಕ್ಕಿಯಲ್ಲಿ ಊರಿಗೆ ತಂದರೆ ಬೂಸ್ಟು ಗ್ಯಾರಂಟಿ. ಡೈನೀಮಾ ಎಂಬ ನಾರಿನ ಲೈನ್‌ಗಳು (ರೆಕ್ಕೆಯ ದಾರಗಳು) ಕುಗ್ಗುವ ಜಾತಿಯವು. ಚೆನ್ನಾಗಿ ನೆನೆದಿದ್ದರೆ ಅಳತೆ ಹಾಕಿಸಿ. ನೀರು ರಿಸರ್ವ್ ಪ್ಯಾರಾಶೂಟ್ ತಲುಪಿದ್ದರೆ ಅದನ್ನು ಬಿಚ್ಚಿ ಒಣಗಿಸಿ, ತಿಳಿದವರಿಂದ ಮತ್ತೆ ಮಡಿಸಿಸಲೇಬೇಕು.

ಇಬ್ಬರು ಸೇರಿ ಒಂದು ಹಳೆಯ ರೆಕ್ಕೆ ಕೊಳ್ಳಬೇಕೆಂದಿದ್ದೇವೆ. ನನ್ನ ತೂಕ 58 ಕೆ.ಜಿ., ಗೆಳೆಯನದು 84. — ಮೈಸೂರು

ಹೊಂದುವುದಿಲ್ಲ. ರೆಕ್ಕೆಯ ಮೇಲೆ ಬರೆದಿರುವ 75–95 ಕೆ.ಜಿ. ಎಂಬ ಮಿತಿ ಮೈತೂಕವಲ್ಲ. ಮೈತೂಕದ ಜೊತೆ ರೆಕ್ಕೆ, ಹಾರ್ನೆಸ್ (ಕೂರುವ ಆಸನ, ಪಟ್ಟಿಗಳು), ಹೆಲ್ಮೆಟ್, ರಿಸರ್ವ್ ಎಲ್ಲ ಸೇರಿಸಿದ್ದು. ಸಾಮಾನಿಗೆ 16 ಕೆ.ಜಿ. ಹಿಡಿದರೆ ನೀವು 74, ಅವರು 100. ಅವರಿಗೆ ಸರಿಯಾದ ರೆಕ್ಕೆಯಲ್ಲಿ ನೀವು ನಿಧಾನವಾಗಿ ತೇಲುತ್ತೀರಿ, ಜೋರು ಗಾಳಿಗೆ ಸಿಕ್ಕರೆ ಮುಂದೆ ಸಾಗಲಾರಿರಿ, ರೆಕ್ಕೆ ಸಡಿಲವಾಗಿ ಬೇಗ ಮಡಚಿಕೊಳ್ಳುತ್ತದೆ. ಬೇರೆ ಬೇರೆ ಕೊಳ್ಳಿ, ಹೊಸಬರಿಗೆ ತಕ್ಕ ಇಎನ್-ಎ ವರ್ಗದ್ದೇ ಆಗಲಿ. ಬಟ್ಟೆಯಿಂದ ಗಾಳಿ ಸೋರುವ ಪರೀಕ್ಷೆ, ಲೈನ್ ಪರೀಕ್ಷೆ ಇವುಗಳ ಚೀಟಿ ಕೇಳಿ. ಎರಡು ವರ್ಷ ದಾಟಿದ್ದರೆ ಮತ್ತೆ ಮಾಡಿಸಿ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಏರಿಳಿತದ ವೇಗ ತೋರಿಸುವ ವೇರಿಯೊ ಈಗಲೇ ಬೇಕೆ? — ಶಿವಮೊಗ್ಗ

ಬೇಡ. ಆ ದುಡ್ಡಿಗೆ ಬೆನ್ನು ಕಾಯುವ ಒಳ್ಳೆಯ ಹಾರ್ನೆಸ್ ಕೊಳ್ಳಿ.

ಅಕ್ಟೋಬರ್‌ನಲ್ಲಿ ಬೀರ್-ಬಿಲ್ಲಿಂಗ್‌ಗೆ ಹೋಗುತ್ತಿದ್ದೇವೆ. ಅಮ್ಮನಿಗೂ ಟಾಂಡೆಮ್‌ನಲ್ಲಿ (ಪೈಲಟ್ ಜೊತೆ ಒಂದೇ ರೆಕ್ಕೆಯಲ್ಲಿ) ಹಾರುವ ಆಸೆ, ಮೊಣಕಾಲು ನೋವಿದೆ. — ಉಡುಪಿ

ಕಾಲ ಸರಿಯಾಗಿದೆ, ಹಿಮಾಚಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲಕ್ಕೆಂದು ಹಾರಾಟ ನಿಲ್ಲಿಸುತ್ತಾರೆ, ಅಕ್ಟೋಬರ್ ಅಲ್ಲಿನ ಒಳ್ಳೆಯ ತಿಂಗಳು. ಬಿಲ್ಲಿಂಗ್ ಸುಮಾರು 2,400 ಮೀಟರ್ ಎತ್ತರ. ಕೆಳಗೆ ಬೀರ್‌ಗೆ ಇಳಿಯುವುದು. ಅಮ್ಮನವರ ಕಷ್ಟ ಆಕಾಶದಲ್ಲಲ್ಲ, ಟೇಕಾಫ್‌ನ ಓಟದಲ್ಲಿ. ಇಳಿಜಾರಿನಲ್ಲಿ ಐದಾರು ಹೆಜ್ಜೆಯಾದರೂ ನಿಜವಾಗಿ ಓಡಬೇಕು, ಪೈಲಟ್ ಹೇಳುವ ಮೊದಲೇ ಕೂತರೆ ಇಬ್ಬರೂ ಮುಗ್ಗರಿಸುತ್ತಾರೆ. ಮನೆಯ ಹತ್ತಿರದ ಇಳಿಜಾರಿನಲ್ಲಿ ಬೆನ್ನಿಗೆ ಚೀಲ ಹಾಕಿ ಹತ್ತು ಹೆಜ್ಜೆ ಓಡಿಸಿ ನೋಡಿ, ಆಗದಿದ್ದರೆ ಬೇಡ. ಓಡಲು ಆಗುವುದಾದರೆ ಬೆಳಗಿನ ಸರದಿ ಕೇಳಿ, ಮಧ್ಯಾಹ್ನದ ಥರ್ಮಲ್‌ನಲ್ಲಿ ಕುಲುಕಾಟ ಜಾಸ್ತಿ, ವಾಂತಿ ಬರುತ್ತದೆ. ಪೈಲಟ್‌ನ ಪರವಾನಗಿ ಚೀಟಿ, ರಿಸರ್ವ್ ಇದೆಯೇ ಎಂಬುದನ್ನು ಕೇಳಲು ಸಂಕೋಚ ಬೇಡ. ಓಡುವ ಮುಂಚೆ ತೊಡೆಯ ಪಟ್ಟಿಗಳ ಎರಡೂ ಬಕಲ್‌ಗಳನ್ನು ನೀವೇ ಕೈಯಿಂದ ಎಳೆದು ನೋಡಿ.

ಗಾಳಿ ನನಗೆ ಹಿಡಿಸದಿದ್ದರೂ ಗೆಳೆಯರೆಲ್ಲ ಹಾರಿದ ಮೇಲೆ ಒಬ್ಬಳೇ ಇಳಿದು ಹೋಗಲು ಮುಜುಗರವಾಗುತ್ತದೆ. — ಪುಣೆ

ತಂಡ ಹೊರಡುವ ಮೊದಲೇ ಎರಡು ಮಾತು ಒಪ್ಪಿಕೊಳ್ಳಿ. ‘ನಾನು ಇಂದು ಹಾರುವುದಿಲ್ಲ’ ಎಂದವರಿಗೆ ಯಾರೂ ಏಕೆ ಎಂದು ಕೇಳಕೂಡದು. ಗಾಳಿಯ ಮಿತಿಯನ್ನು ಪ್ರತಿಯೊಬ್ಬರೂ ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಡಬೇಕು. ಗುಡ್ಡದ ಮೇಲೆ ನಿಂತು ಅದನ್ನು ಇಳಿಸಬಹುದು, ಏರಿಸುವಂತಿಲ್ಲ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ತಂಡಕ್ಕೊಂದು ಇದ್ದರೆ ವಾದವೇ ಇರುವುದಿಲ್ಲ. ಮೊದಲು ಹಾರಿದವರು ಸುಖವಾಗಿ ತೇಲುತ್ತಿದ್ದಾರೆ ಎಂಬುದು ನಿಮಗೆ ಲೆಕ್ಕಕ್ಕೆ ಬಾರದು: ಅವರ ತೂಕ ಬೇರೆ, ರೆಕ್ಕೆ ಬೇರೆ, ಇಪ್ಪತ್ತು ನಿಮಿಷದ ಹಿಂದಿನ ಗಾಳಿಯೂ ಬೇರೆ. ಇನ್ನು ಉಳಿದವರಿಗೆ ಕೆಲಸವಿಲ್ಲವೆಂದೇನಿಲ್ಲ. ಎಲ್ಲರ ಲೈವ್ ಲೊಕೇಶನ್ ನೋಡುತ್ತ, ಮೋಡದ ಮೇಲೆ ಕಣ್ಣಿಟ್ಟು, ಕೆಳಗೆ ಗಾಡಿ ಸಿದ್ಧವಾಗಿಡಲು ಒಬ್ಬರು ಬೇಕೇ ಬೇಕು. ಆ ಸರದಿಯನ್ನು ದಿನಕ್ಕೊಬ್ಬರಂತೆ ಮೊದಲೇ ಹಂಚಿಕೊಂಡಿದ್ದರೆ ನೆಲದ ಮೇಲೆ ಉಳಿದವರು ಯಾಕೆ ಉಳಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ.