ಅಡುಗೆಮನೆ ಬಾಗಿಲಿನಿಂದಲೇ ಶುರು ಮಾಡಿ

ಪ್ರಿಯರೇ,

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ‘ಕ್ಯಾಡ್’ ಬಗ್ಗೆ ನೀವು ಕಳುಹಿಸಿದ ‘ಕ್ಯಾಡ್ ಎಂದರೇನು?’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟದ ತುಂಬಾ ‘ಗಣಕ ನೆರವಿನ ವಿನ್ಯಾಸವು ಆಧುನಿಕ ಯುಗದ ವರದಾನ’ ಎಂಬಂಥ ಮಾತುಗಳೇ ಇವೆ. ಇದನ್ನು ಯಾರು ಬೇಕಾದರೂ ಬರೆಯಬಹುದು. ನೀವು ಬದಿಯಡ್ಕದಲ್ಲಿ ಕೂತು ಆರು ವರ್ಷದಿಂದ ಮನೆಗಳ ಪ್ಲಾನ್ ಬಿಡಿಸುತ್ತಿರುವವರು. ಮೂರನೇ ಪುಟದಲ್ಲಿ ಒಂದು ಸಂಗತಿಯನ್ನು ಐದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಡುಗೆಮನೆ ಬಾಗಿಲು ಬಾವಿಯ ಕಡೆಗೆ ಬೇಕು ಎಂದು ಮನೆಯವರು ಹೇಳಿದರು. ನೀವು ಪ್ಲಾನಿನಲ್ಲಿ ಸರಿಸಿದಿರಿ, ಗೋಡೆಯನ್ನು ಎದುರಿನಿಂದ ತೋರಿಸುವ ಎಲಿವೇಷನ್ ಹಾಳೆಯಲ್ಲಿ ಮರೆತಿರಿ. ಮೇಸ್ತ್ರಿ ಆ ಹಾಳೆ ನೋಡಿ, ಹಳೇ ಜಾಗದಲ್ಲೇ ಬಾಗಿಲಿಗೆ ತೆರಪು ಬಿಟ್ಟು ಮುರಕಲ್ಲಿನ ಗೋಡೆ ಏರಿಸಿದರು.

ಅದರ ಹಿಂದಿನ ಪುಟದಲ್ಲೇ ‘ಒಂದು ಕಡೆ ಬದಲಿಸಿದರೆ ಸಾಕು, ಉಳಿದ ಚಿತ್ರಗಳೆಲ್ಲ ತಾನಾಗಿ ಬದಲಾಗುತ್ತವೆ’ ಎಂದಿದ್ದೀರಿ. ಎರಡೂ ಸರಿಯಾಗುವುದು ಹೇಗೆ? ನೀವು ಆಟೋಕ್ಯಾಡ್ ಎಂಬ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಬಿಡಿಸಿದ್ದು ಬರೀ ಗೆರೆಗಳು. ಅಲ್ಲಿ ಪ್ಲಾನಿನ ಬಾಗಿಲಿಗೂ ಎಲಿವೇಷನ್ನಿನ ಬಾಗಿಲಿಗೂ ನಂಟೇ ಇಲ್ಲ. ಅದು ಬಾಗಿಲು ಎಂದೇ ಕಂಪ್ಯೂಟರಿಗೆ ಗೊತ್ತಿಲ್ಲ. ರೆವಿಟ್‌ನಂಥ ಸಾಫ್ಟ್‌ವೇರಿನಲ್ಲಿ ಹಾಗಲ್ಲ. ಅಲ್ಲಿ ಇಡೀ ಕಟ್ಟಡದ ಒಂದೇ ಮಾದರಿ ಇರುತ್ತದೆ. ಪ್ಲಾನ್, ಎಲಿವೇಷನ್, ಕಟ್ಟಡವನ್ನು ಸೀಳಿ ಒಳಗನ್ನು ತೋರಿಸುವ ಸೆಕ್ಷನ್ ಎಲ್ಲ ಅದರದೇ ನೋಟಗಳು. ಬಾಗಿಲು ಸರಿಸಿದರೆ ಗೋಡೆಯಲ್ಲಿ ಬಿಟ್ಟ ಜಾಗವೂ ಜೊತೆಗೇ ಸರಿಯುತ್ತದೆ. ನಿಮ್ಮ ಲೇಖನದ ಜೀವ ಇಲ್ಲಿದೆ ಅಲ್ವಾ?

ಇನ್ನೊಂದು ತಪ್ಪು. ‘1982ರಲ್ಲಿ ಆಟೋಕ್ಯಾಡ್ ಬಂದಾಗ ಕ್ಯಾಡ್ ಹುಟ್ಟಿತು’ ಎಂದು ಬರೆದಿದ್ದೀರಿ. 1963ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಐವನ್ ಸದರ್‌ಲ್ಯಾಂಡ್ ‘ಸ್ಕೆಚ್‌ಪ್ಯಾಡ್’ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಂ ಮಾಡಿದ್ದರು. ಬೆಳಕಿನ ಪೆನ್ನನ್ನು ಪರದೆಗೆ ಹಿಡಿದು ಗೆರೆ ಎಳೆಯುವುದು. ಈ ಎರಡು ಗೆರೆ ಸಮಾನಾಂತರ ಇರಲಿ ಎಂದರೆ ಅದು ಹಾಗೇ ಇಡುತ್ತಿತ್ತು. ಮೂಲಚಿತ್ರ ತಿದ್ದಿದರೆ ಅದರ ನಕಲುಗಳೆಲ್ಲ ತಿದ್ದಿಕೊಳ್ಳುತ್ತಿದ್ದವು. ನಿಮ್ಮ ಬಾಗಿಲಿಗೆ ಬೇಕಾಗಿದ್ದ ಯೋಚನೆ ಅಷ್ಟು ಹಿಂದೆಯೇ ಇತ್ತು, ನೋಡಿ! ಆಟೋಕ್ಯಾಡ್ ಮಾಡಿದ್ದು ಬೇರೆ ಕೆಲಸ. ಚಿತ್ರ ಬಿಡಿಸುವುದನ್ನು ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ತಂದಿತು. ಅದನ್ನೂ ಬರೆಯಿರಿ, ಎರಡು ಸಾಲು ಸಾಕು.

‘ಲೇಯರ್’, ‘ಸ್ಕೇಲ್’ ಪದಗಳನ್ನು ಸುಮ್ನೆ ಬಿಟ್ಟುಹೋಗಿದ್ದೀರಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಟ್ರೇಸಿಂಗ್ ಹಾಳೆ ಎಂದರೆ ಯಾರಿಗೂ ತಿಳಿಯುತ್ತದೆ. ಸ್ಕೇಲ್ ಎಂದರೆ ನಿಜವಾದ ಅಳತೆಯನ್ನು ಹಾಳೆಯಲ್ಲಿ ಎಷ್ಟು ಚಿಕ್ಕದು ಮಾಡುತ್ತೇವೆ ಎಂಬ ಲೆಕ್ಕ, ಅದಕ್ಕೆ ನಿಮ್ಮ ತಂದೆಯನ್ನೇ ಕರೆತನ್ನಿ. ಅವರು ಆಚಾರಿ, ಈಗಲೂ ಕೋಲು, ಅಂಗುಲದಲ್ಲೇ ಅಳೆಯುತ್ತಾರೆ ಎಂದಿದ್ದೀರಿ. ಒಂದು ಕೋಲಿಗೆ 24 ಅಂಗುಲ (ಈ ಅಂಗುಲ ಇಂಚಲ್ಲ), ಸುಮಾರು 72 ಸೆಂಟಿಮೀಟರ್. ಅವರು ಮರದ ಮೇಲೆ ಗುರುತು ಹಾಕುವುದು ನಿಜವಾದ ಅಳತೆಗೇ. ನೀವೂ ಪರದೆಯಲ್ಲಿ ಗೋಡೆಯನ್ನು ನಿಜವಾದ ಅಳತೆಗೇ ಎಳೆಯುತ್ತೀರಿ, ಚಿಕ್ಕದಾಗುವುದು ಪ್ರಿಂಟ್ ತೆಗೆಯುವಾಗ ಮಾತ್ರ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ.

ಮೊದಲ ಎರಡು ಪುಟ ತೆಗೆದುಹಾಕಿ. ಬಾವಿ ಕಡೆಯ ಬಾಗಿಲಿನಿಂದ ಶುರು ಮಾಡಿ. ಆ ಮೇಸ್ತ್ರಿಯನ್ನು ಒಮ್ಮೆ ಹೋಗಿ ಕಾಣಿ. ಗೋಡೆ ಒಡೆಯುವಾಗ ಎಷ್ಟು ಕಲ್ಲು ಹೋಯಿತು, ಅವತ್ತಿನ ಕೂಲಿ ಯಾರು ಕೊಟ್ಟರು ಎಂದು ಕೇಳಿ ಬರೆಯಿರಿ. ಮುಂದಿನ ತಿಂಗಳ 10ರೊಳಗೆ ಕಳುಹಿಸಿದರೆ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

ಸಂಪಾದಕ